ದೀಪ ಹಿಡಿದವನು

ಗಿಯಾಸ್ ಉಸ್ತಾದರಿಗೆ ಹಲ್ಲುನೋವು ಶುರುವಾದದ್ದರಿಂದ ಹೆರಾತಿನ ಪ್ರೇಮಿಗಳಿಗೆ ಮುಖವೇ ಇಲ್ಲದಂತಾಗಿತ್ತು. ಬೆಳಿಗ್ಗೆ ನೇಮತ್ ಚಿತ್ರಶಾಲೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಉಸ್ತಾದರು ಗೋಡೆಗೊರಗಿ ಕೂತಿದ್ದರು. ಗದ್ದದಿಂದ ನೆತ್ತಿಗೆ ಬಟ್ಟೆ ಬಿಗಿದು ಮೇಲೊಂದು ಗಂಟು ಹಾಕಿತ್ತು, ಬಲಗೆನ್ನೆ ಒಲೆಯಿಂದ ಈಗಷ್ಟೇ ತೆಗೆದ ರೊಟ್ಟಿಯ ಹಾಗೆ ಉಬ್ಬಿತ್ತು, ಕೋಣೆಯ ತುಂಬ ಲವಂಗದ ವಾಸನೆ. ಊರಿಗೆಲ್ಲ ಚಂದ್ರನಂಥ ಮುಖ ಹಂಚಿದ ಮಹಾನುಭಾವ ಈಗ ತನ್ನದೊಂದು ಮುಖವನ್ನು ಗಂಟು ಕಟ್ಟಿಟ್ಟುಕೊಂಡು ಕೂತಿದ್ದಾನಲ್ಲ ಎಂದು ನೇಮತನಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆ ಬೇಗ ಹೋಯಿತು, ಖುಷಿ ಉಳಿಯಿತು. ಹೊರಗೆ ಬೇಸಿಗೆಯ ಗಾಳಿ ಎಂದಿನಂತೆ ಮರಳು ಹೊತ್ತು ಬೀಸುತ್ತಿತ್ತು. ಹಸಿ ಬಣ್ಣಕ್ಕೆ ಧೂಳು ಕೂರದಿರಲೆಂದು ಕಿಟಕಿಗಳನ್ನೆಲ್ಲ ಎಣ್ಣೆ ಕಾಗದದಿಂದ ಮುಚ್ಚಿದ್ದರಿಂದ, ಒಳಗಿದ್ದವರು ತಂತಮ್ಮ ಬೆವರಿನಲ್ಲಿ ತಾವೇ ಬೇಯುತ್ತ ಚಿತ್ರದೊಳಗಿನ ತಂಗಾಳಿ ಬರೆಯುತ್ತಿದ್ದರು.

ಆ ಚಿತ್ರಶಾಲೆಯಲ್ಲಿ ಒಂದು ಪುಟವನ್ನು ಒಬ್ಬನೇ ಬರೆಯುವ ಪದ್ಧತಿಯಿಲ್ಲ. ಒಬ್ಬ ರೇಖೆ ಹಾಕುತ್ತಾನೆ, ಒಬ್ಬ ಮಹಡಿಯ ಹಂಚು ತುಂಬುತ್ತಾನೆ, ಒಬ್ಬ ಚಿನ್ನ ಹಚ್ಚುತ್ತಾನೆ, ಕೊನೆಗೆ ಉಸ್ತಾದರು ಬಂದು ಮುಖ ತೆರೆಯುತ್ತಾರೆ. ಮುಖ ತೆರೆಯುವುದೆಂದೇ ಮಾತು, ಬಾಗಿಲು ತೆರೆದ ಹಾಗೆ. ಅಲ್ಲಿಯವರೆಗೆ ಪ್ರೇಮಿಗಳು ಮೊಟ್ಟೆಯಂಥ ಬಿಳಿ ಬೋಳು ಮುಖ ಹೊತ್ತು, ಹೂವಿನ ನಡುವೆ, ಮದ್ಯದ ಬಟ್ಟಲು ಹಿಡಿದು, ವಾರಗಟ್ಟಲೆ ಒಬ್ಬರ ಕಡೆಗೊಬ್ಬರು ಬಾಗಿಕೊಂಡೇ ಇರುತ್ತಾರೆ. ನೇಮತನ ಪಾಲಿಗೆ ಬಂದದ್ದು ತೋಟ. ಸರುವೆ ಮರ, ದಾಳಿಂಬೆ ಹೂ, ಕೊಳ, ಕೊಳದಲ್ಲಿ ಬಾತುಕೋಳಿ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಮುಂದೊಂದು ದಿನ ಕಾಗದವನ್ನೇ ತಿಂದುಹಾಕುತ್ತದೆಂದು ಅದಕ್ಕಿಷ್ಟು ಕೇಸರಿ ಬೆರೆಸಬೇಕು, ಅದೂ ಅವನ ಕೆಲಸ. ಪ್ರಾಯವೆಲ್ಲ ಹುಲ್ಲು ಬರೆಯುವುದರಲ್ಲಿ ಕಳೆಯಿತು. ಕತ್ತೆಗಾದರೂ ತಿನ್ನಲು ಸಿಗುತ್ತದೆ ಎಂದು ಅವನು ತನ್ನನ್ನು ತಾನೇ ಹಂಗಿಸಿಕೊಳ್ಳುತ್ತಿದ್ದ. ಗಿಯಾಸ್ ಮಾತ್ರ, ಒಂದೇ ಗುರುವಿನ ಕೈಕೆಳಗೆ ಒಂದೇ ಚಾಪೆಯ ಮೇಲೆ ಕೂತು ಕಲಿತ ಗಿಯಾಸ್, ಮುಖಕ್ಕೆ ಹೋದ. ಅಂದಿನಿಂದ 'ನೀನು' ಹೋಗಿ 'ತಾವು' ಬಂತು. ಗಿಯಾಸ್ ಹೋಗಿ ಉಸ್ತಾದರು ಬಂದರು. ಹಾಗೆ ಕರೆಯಿರೆಂದು ಅವರೇನೂ ಹೇಳಿರಲಿಲ್ಲ. ನೇಮತ್ ತಾನಾಗಿಯೇ ಒಂದು ದಿನ 'ತಾವು' ಅಂದ, ಅವರು ಬೇಡ ಅನ್ನಲಿಲ್ಲ, ಅಷ್ಟೇ. ಬೇಡ ಅನ್ನುತ್ತಾರೆಂದು ಅವನು ಬಹಳ ದಿನ ಕಾದಿದ್ದ.

ಉಸ್ತಾದರು ಈಗ ಅರ್ಧ ಬಾಯಲ್ಲಿ ವಿಷಯ ಹೇಳಿದರು. ಊರಾಳುವ ರಾಜಕುಮಾರ ಮಿರ್ಜಾ ಹೊಸದಾಗಿ ಮದುವೆಯಾಗಿದ್ದ. ಹೆಂಡತಿಗೆ ಕೊಡಲು ಮಾಡಿಸುತ್ತಿದ್ದ ಪ್ರೇಮಕಥೆಯ ಪುಸ್ತಕದ ನಡುಪುಟ ನೋಡಲು ಮಧ್ಯಾಹ್ನದ ನಮಾಜಿನ ನಂತರ ಅವನೇ ಬರುತ್ತಾನೆ. ಪುಟ ಸಿದ್ಧವಿದೆ, ಮುಖಗಳಿಲ್ಲ. ನೋವಿಗೆ ತಮ್ಮ ಕೈ ನಡುಗುತ್ತಿದೆ. ಬೇರೆ ಹುಡುಗರ ಕೈಗೆ ಕೊಡಲು ಧೈರ್ಯವಿಲ್ಲ.

"ನೀನೇ ತೆರೆದುಬಿಡು ನೇಮತ್," ಅಂದರು. "ಮುಖ ಅಂದ್ರೇನು ಮಹಾ, ನಿನ್ನ ಬಾತುಕೋಳಿ ಇದ್ದ ಹಾಗೇ. ಕಣ್ಣಿನ ಕರಿಬೊಟ್ಟು ಮಾತ್ರ ಹುಷಾರು."

ಇಷ್ಟು ವರ್ಷ ಕಾದ ಮಾತು ಇದು. ಬಂದಾಗ ಬಾತುಕೋಳಿಯನ್ನೂ ಜೊತೆಗೆ ಕರೆದುಕೊಂಡು ಬಂತು. ಆಗಲಿ ತಾವು ಹೇಳಿದ ಹಾಗೆ ಎಂದು ನೇಮತ್ ತಲೆಬಾಗಿ ಪುಟವನ್ನು ತನ್ನ ಹಲಗೆಯ ಮೇಲಿಟ್ಟುಕೊಂಡ.

ಪುಟದಲ್ಲಿ ರಾತ್ರಿಯಾಗಿತ್ತು. ಅವರ ಚಿತ್ರಗಳಲ್ಲಿ ರಾತ್ರಿಯೆಂದರೆ ಮಧ್ಯಾಹ್ನಕ್ಕಿಂತ ಬೆಳಕು. ಒಂದೊಂದು ಎಲೆ, ಒಂದೊಂದು ಗುಂಡಿ ಎಣಿಸಬಹುದು. ಇದು ರಾತ್ರಿ ಎಂದು ನೋಡುವವನಿಗೆ ತಿಳಿಯಲೆಂದು ಯಾರಾದರೊಬ್ಬನ ಕೈಯಲ್ಲಿ ದೀಪ ಕೊಟ್ಟು ನಿಲ್ಲಿಸುತ್ತಾರೆ. ಪಾಪದವನು, ಯಾವ ಉಪಯೋಗಕ್ಕೂ ಇಲ್ಲದ ದೀಪ ಹಿಡಿದು ನಿಂತಿರಬೇಕು. ಈ ಪುಟದಲ್ಲಿ ಪ್ರೇಯಸಿ ಕೊಳದ ಅಂಚಿನ ರತ್ನಗಂಬಳಿಯ ಮೇಲೆ, ಪ್ರೇಮಿ ಒಂದು ಮಾರು ದೂರದಲ್ಲಿ. ಪ್ರೇಮವೆಂದರೆ ಅಷ್ಟೇ: ಒಂದು ಮಾರು ದೂರ, ನಡುವೆ ಒಂದು ತಟ್ಟೆ ದಾಳಿಂಬೆ, ಯಾರೂ ತಿನ್ನುವುದಿಲ್ಲ, ಯಾರಿಗೂ ಬೆವರುವುದಿಲ್ಲ, ಸೊಳ್ಳೆ ಕಚ್ಚುವುದಿಲ್ಲ. ಇಬ್ಬರಿಗೂ ಮುಖ ಒಂದೇ. ಜಿಂಕೆಯ ತೆಳು ಚರ್ಮದ ಮೇಲೆ ಸೂಜಿಯಿಂದ ಚುಚ್ಚಿದ ಅಚ್ಚೊಂದಿದೆ. ಅದನ್ನಿಟ್ಟು ಇದ್ದಿಲು ಪುಡಿ ತಟ್ಟಿದರೆ ಚಂದ್ರಮುಖ ಬೀಳುತ್ತದೆ, ಮೀಸೆಯ ಗೆರೆ ಎಳೆದರೆ ಗಂಡು, ಬಿಟ್ಟರೆ ಹೆಣ್ಣು. ಇಂಥ ಮುಖಗಳನ್ನು ನೋಡಿ ಊರಿನ ಗಂಡಸರೆಲ್ಲ ನಿಟ್ಟುಸಿರು ಬಿಡುತ್ತಾರೆ. ಮನೆಗೆ ಹೋಗಿ ಶೂರ್ವಾ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಜಗಳ ಮಾಡುತ್ತಾರೆ. ದೀಪದವನು ಪ್ರೇಮಿಯ ಎಡಭುಜದ ಹಿಂದೆ ನಿಂತಿದ್ದ. ಎಲ್ಲ ರಾತ್ರಿ ಚಿತ್ರಗಳಲ್ಲೂ ಅವನು ಅಲ್ಲೇ ನಿಲ್ಲುವುದು. ಆದರೂ ಈ ಪುಟಕ್ಕೆ ರೇಖೆ ಹಾಕಿದವರು ಉಸ್ತಾದರೇ. ಬೇಕೆಂದೇ ಅಲ್ಲಿ ನಿಲ್ಲಿಸಿದ್ದಾರೆ ಎಂದು ನೇಮತನಿಗೆ ಅನಿಸಿತು, ಅನಿಸಿದ ಮೇಲೆ ಬೇರೆ ಏನೂ ಅನಿಸದಾಯಿತು.

ನೇಮತನ ಮದುವೆಯ ದಿನವೂ ದೀಪ ಎಡಭುಜದ ಹಿಂದೆಯೇ ಇತ್ತು. ಗಂಡು ಹೆಣ್ಣನ್ನು ಪಕ್ಕಪಕ್ಕ ಕೂರಿಸಿ, ಮೇಲೊಂದು ಶಾಲು ಚಪ್ಪರದಂತೆ ಹರಡಿ, ಎದುರಿಗೆ ಕನ್ನಡಿ ಇಟ್ಟರು; ಹೆಣ್ಣಿನ ಮುಸುಕು ತೆಗೆದರು. ಗಂಡ ಹೆಂಡತಿ ಮೊದಲ ಸಲ ಒಬ್ಬರನ್ನೊಬ್ಬರು ನೋಡಬೇಕಾದದ್ದು ಕನ್ನಡಿಯಲ್ಲೇ. ದೀಪ ಹಿಡಿಯಲು ಆಪ್ತಸ್ನೇಹಿತನೇ ಬೇಕೆಂದು ಅವನೇ ಗಿಯಾಸನನ್ನು ಕೇಳಿದ್ದ, ಅದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಸೆಖೆ, ಶಾಲಿನೊಳಗೆ ಗುಲಾಬಿ ನೀರಿನ ವಾಸನೆ, ಹೊಸ ರೇಷ್ಮೆ ಮುಂಡಾಸು ನುಣುಪಾಗಿ ಹಣೆಯ ಮೇಲೆ ಜಾರುತ್ತಿತ್ತು. ಅವನು ಕನ್ನಡಿಯಲ್ಲಿ ಕಣ್ಣೆತ್ತಿದ. ಹೆಂಡತಿ ಗೌಹರಳ ಕಣ್ಣು ಅವನ ಮೇಲಿರಲಿಲ್ಲ. ಒಂದು ಕೂದಲೆಳೆ ಆಚೆ, ಅವನ ಭುಜದ ಹಿಂದೆ, ದೀಪದ ಕಡೆ ಇತ್ತು. ಬೇರೆ ಯಾವ ಕಸುಬಿನವನಾಗಿದ್ದರೂ ಅಷ್ಟು ಸಣ್ಣ ವ್ಯತ್ಯಾಸ ಕಾಣುತ್ತಿರಲಿಲ್ಲ. ಕುಂಬಾರನೋ ನೇಯ್ಗೆಯವನೋ ಆಗಿದ್ದರೆ ಹೆಂಡತಿ ತನ್ನನ್ನೇ ನೋಡಿದಳೆಂದುಕೊಂಡು ಸುಖವಾಗಿ ಸಂಸಾರ ಮಾಡಿಕೊಂಡಿರುತ್ತಿದ್ದ. ಇವನು ಕಣ್ಣಿನ ಬೊಟ್ಟು ಎಲ್ಲಿದ್ದರೆ ನೋಟ ಎಲ್ಲಿ ಬೀಳುತ್ತದೆಂದು ಹತ್ತು ವರ್ಷ ಕಲಿತವನು. ಕಲಿತ ವಿದ್ಯೆ ಮನೆಹಾಳು ಮಾಡಲು ಉಪಯೋಗಕ್ಕೆ ಬಂತು.

ಅಂದಿನಿಂದ ಅವನು ಅವಳನ್ನು ಕೇಳಿಲ್ಲ. ಕೇಳುವ ಬದಲು ಕಾವಲು ಕಾದ. ಬೆಳಿಗ್ಗೆ ರೊಟ್ಟಿ ದ್ರಾಕ್ಷಿ ಮುಂದಿಡುವಾಗ ಅವಳ ಕಣ್ಣು ತಟ್ಟೆಯ ಮೇಲೆ. ಈದ್ ದಿನ ಗಿಯಾಸ್ ಮನೆಗೆ ಬಂದರೆ ಅವಳು ಪರದೆಯಾಚೆ. ಪರದೆಯ ಆಚೆ ಕಣ್ಣು ಎಲ್ಲಿರುತ್ತದೋ ದೇವರೇ ಬಲ್ಲ. ಒಂದು ಸಲ ಅವಳಿಗೆ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದಾಗಲೂ, ನೀರು ಕುಡಿಸುತ್ತ, ಅರೆತೆರೆದ ರೆಪ್ಪೆಯೊಳಗೆ ಬೊಟ್ಟು ಯಾವ ಕಡೆಗಿದೆಯೆಂದು ಇವನು ಬಗ್ಗಿ ನೋಡಿದ್ದ. ಅದನ್ನು ನೆನೆದಾಗಲೆಲ್ಲ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತದೆ. ಇವತ್ತು ಬೆಳಿಗ್ಗೆ ಹೊರಡುವಾಗ ಅವಳು ಹೊಸ ಕುಂಚ ಕೈಗಿತ್ತಳು. ಬಿಳಿ ಬೆಕ್ಕಿನಮರಿಯ ಕೊರಳ ಕೂದಲನ್ನು ಪಾರಿವಾಳದ ಗರಿಯ ಬುಡಕ್ಕೆ ಬಿಗಿದು ಚಿತ್ರಶಾಲೆಗೆಲ್ಲ ಕುಂಚ ಮಾಡಿಕೊಡುವವಳು ಅವಳೇ. ಉಸ್ತಾದರು ಮುಖ ತೆರೆಯುವುದೂ ಅವಳ ಕುಂಚದಲ್ಲೇ. ಹೆಂಡತಿ ಕಟ್ಟಿದ ಕೂದಲು ಪ್ರತಿದಿನ ಗಿಯಾಸನ ಬೆರಳ ನಡುವೆ, ತನ್ನ ಕೈಗೆ ಬಾತುಕೋಳಿ. ಮುದಿಗೂಬೆಯ ಹಾಗೆ ಇದನ್ನೆಲ್ಲ ಲೆಕ್ಕ ಹಾಕುತ್ತ ಕೂರುತ್ತೀಯಲ್ಲೋ, ನಿನಗೆ ಮಾನವಿಲ್ಲವೇನೋ ಎಂದು ಬೈದುಕೊಂಡು ಅವನು ಕುಂಚವನ್ನು ನಾಲಗೆಗೆ ತಾಗಿಸಿ ಚೂಪು ಮಾಡಿದ.

ಪ್ರೇಮಿಯ ಮುಖ ಸಲೀಸಾಗಿ ತೆರೆಯಿತು. ಹುಬ್ಬು, ಮೂಗಿನ ಗೆರೆ, ದ್ರಾಕ್ಷಿ ಬೀಜದಷ್ಟು ಬಾಯಿ, ನಾಲ್ಕು ಕೂದಲಿನ ಮೀಸೆ. ದಡ್ಡ ಮುಖ, ಆದರೆ ಪ್ರೇಮಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ದೀಪದವನಿಗೂ ಒಂದು ಮುಖ ಹಾಕಿದ. ಕೆನ್ನೆ ಸ್ವಲ್ಪ ಉಬ್ಬಿಸಿಬಿಡೋಣವೆಂದು ಆಸೆಯಾಯಿತು, ತಡೆದುಕೊಂಡ. ಕೊನೆಗೆ ಪ್ರೇಯಸಿ. ಉಸಿರು ಬಿಗಿಹಿಡಿದು ಕಣ್ಣಿನ ಗೆರೆ ಎಳೆದ. ಹಿಂದೆ ಉಸ್ತಾದರು ನೋವಿಗೆ ಸಣ್ಣಗೆ ನರಳಿದರು. ಆ ನರಳಿಕೆಗೆ ಇವನಿಗೆ ಶಾಲು, ಗುಲಾಬಿ ನೀರು, ಹಿಂದೆ ನಿಂತವನ ಉಸಿರು ಎಲ್ಲ ಒಟ್ಟಿಗೆ ನೆನಪಾಯಿತು, ಅಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿತ್ತು. ಬೊಟ್ಟು ಬಿದ್ದಿತ್ತು. ಹಿಂದೆ ಸರಿದು ನೋಡಿದ. ಪ್ರೇಯಸಿ ಪ್ರೇಮಿಯನ್ನು ನೋಡುತ್ತಿರಲಿಲ್ಲ. ಹೂ ಬಿಟ್ಟ ತೋಟದಲ್ಲಿ, ಅಷ್ಟು ಖರ್ಚಿನ ರಾತ್ರಿಯಲ್ಲಿ, ತನಗಾಗಿ ಊಟ ನಿದ್ದೆ ಬಿಟ್ಟು ಬಂದವನನ್ನು ಪಕ್ಕಕ್ಕಿಟ್ಟು, ಅವಳು ಆಳನ್ನು ನೋಡುತ್ತಿದ್ದಳು. ದೀಪ ಹಿಡಿದವನನ್ನು.

ಮಿರ್ಜಾನ ಹೊಸ ಹೆಂಡತಿಯ ಉಡುಗೊರೆಯಲ್ಲಿ ಹೆಣ್ಣು ಆಳನ್ನು ನೋಡುವುದೆಂದರೆ ಚಿತ್ರ ಬರೆದವನ ಗತಿ ಏನೆಂದು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಕೆಲಸ ಹೋಗುವುದು ಸಣ್ಣ ಮಾತು. ಬೆರಳು ಉಳಿದರೆ ದೊಡ್ಡದು. ಕೆರೆಯಲು ಹೋದರೆ ಕೆಳಗಿನ ಸೀಸದ ಬಿಳಿ ಬಣ್ಣ ಮೇಲೇಳುತ್ತದೆ, ಮುಖದ ಜಾಗದಲ್ಲಿ ತೂತು ಬೀಳುತ್ತದೆ. ಬೊಟ್ಟನ್ನು ದೊಡ್ಡದು ಮಾಡಿದರೆ ಹುಡುಗಿ ದೆವ್ವ ಕಂಡವಳ ಹಾಗಾಗುತ್ತಾಳೆ. ಏನಾದರೂ ಮಾಡಲು ಯೋಚಿಸುತ್ತಿದ್ದಾಗಲೇ ಅಂಗಳದಲ್ಲಿ ಕುದುರೆಯ ಸದ್ದಾಯಿತು, ಎಲ್ಲರೂ ಎದ್ದು ನಿಂತರು. ಉಸ್ತಾದರು ಮುಖದ ಬಟ್ಟೆ ಬಿಚ್ಚಿ ಅಂಗಿಯ ತೋಳೊಳಗೆ ತುರುಕಿಕೊಂಡರು. ಬಂದು ಪುಟ ನೋಡಿದರು. ನೋಡುತ್ತಲೇ ನಿಂತರು. ನೇಮತ್ ಅವರ ಕಣ್ಣಿನ ಬೊಟ್ಟನ್ನೇ ಗಮನಿಸಿದ: ಅದು ಪ್ರೇಯಸಿಯ ಕಣ್ಣಿಗೆ ಹೋಯಿತು, ಅಲ್ಲಿಂದ ದೀಪದವನಿಗೆ ಹೋಯಿತು, ಅಲ್ಲಿಂದ ನೇಮತನ ಕಡೆ ಬಂತು. ಬಾಯಿ ಮಾತ್ರ ತೆರೆಯಲಿಲ್ಲ. ಹಲ್ಲುನೋವು ಇರಬಹುದು.

ಮಿರ್ಜಾ ಇಪ್ಪತ್ತರ ಹುಡುಗ, ಅತ್ತರು ಹಚ್ಚಿಕೊಂಡು ಬಂದಿದ್ದ. ಉಸ್ತಾದರು ಮಂಡಿಯೂರಿ ಪುಟವನ್ನು ಎರಡೂ ಕೈಯಲ್ಲಿ ಹಿಡಿದರು. ಅವನು ಚಿನ್ನ ನೋಡಿದ, ಕುದುರೆ ಎಲ್ಲಿ ಎಂದು ಕೇಳಿದ, ಈ ಪುಟದಲ್ಲಿ ಕುದುರೆ ಇಲ್ಲವೆಂದು ತಿಳಿದು ಬೇಜಾರಾದ, ಬಾತುಕೋಳಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಆಮೇಲೆ ಪ್ರೇಯಸಿಯ ಮುಖಕ್ಕೆ ಬಂದ. ನೇಮತನಿಗೆ ಕಾಲ ಕೆಳಗಿನ ಚಾಪೆ ಒದ್ದೆಯಾದ ಹಾಗೆ ಅನಿಸಿತು, ಅಂಗಾಲು ಅಷ್ಟು ಬೆವರಿತ್ತು. ಮಿರ್ಜಾ ಹುಬ್ಬು ಗಂಟಿಕ್ಕಿ ಪುಟವನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ, ಮುಂಡಾಸಿನ ಮುತ್ತಿನ ಸರ ಸರಿಮಾಡಿಕೊಂಡ, ಮತ್ತೆ ನೋಡಿದ. ಅವನ ಮುಖ ಅರಳಿತು.

"ಇವಳು ಅವನನ್ನ ನೋಡ್ತಾನೇ ಇಲ್ಲ," ಅಂದ. "ನನ್ನನ್ನ ನೋಡ್ತಿದಾಳೆ."

ಹುಜೂರ್ ಎಲ್ಲಿ ನಿಂತರೆ ಅಲ್ಲಿಗೇ ನೋಡುತ್ತಾಳೆ ಎಂದು ಹಿಂದಿದ್ದ ಅರಮನೆಯ ಅಧಿಕಾರಿ ಹೇಳಿದ. ಕೂಡಲೇ ಉಳಿದವರಿಗೂ ಹಾಗೇ ಕಂಡಿತು. ಚಿನ್ನ ಹಚ್ಚುವವನು ಇಂಥ ನೋಟವನ್ನು ಹುಟ್ಟಿದಾರಭ್ಯ ಕಂಡಿಲ್ಲವೆಂದ. ಇದನ್ನು ತೆರೆದವನು ಯಾರು ಎಂದು ಮಿರ್ಜಾ ಕೇಳಿದ, ನೇಮತನನ್ನು ಮುಂದೆ ತಳ್ಳಿದರು. ಪುಸ್ತಕದ ಉಳಿದ ಮುಖಗಳನ್ನೆಲ್ಲ ಇವನೇ ತೆರೆಯಲಿ, ಮುದುಕ ಹಲ್ಲು ಕೀಳಿಸಿಕೊಂಡು ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಅಪ್ಪಣೆ ಕೊಡಿಸಿ ಹೊರಟುಹೋದ. ನೇಮತ್ ಬಗ್ಗಿ ನೆಲ ಮುಟ್ಟಿದ. ಬಗ್ಗಿದಲ್ಲೇ ಅವನಿಗೆ ನಗು ಬಂತು. ಎಂಥ ಮೂಢ, ಎಂಥ ಬಡಾಯಿ! ಲೋಕದ ಕಣ್ಣೆಲ್ಲ ತನ್ನ ಮೇಲೇ ಇದೆ ಅಂದುಕೊಂಡವನಿಗೆ ಎದುರಿಗಿರುವ ಹೆಣ್ಣು ಎಲ್ಲಿ ನೋಡುತ್ತಿದ್ದಾಳೆಂದು ಹೇಗೆ ತಿಳಿಯಬೇಕು ಎಂದು ಸಂಜೆಯವರೆಗೂ ಮನಸ್ಸಿನಲ್ಲೇ ಹೀಯಾಳಿಸಿದ. ಅದರಲ್ಲಿ ಅವನಿಗೆ ಬಹಳ ಸುಖ ಸಿಕ್ಕಿತು. ಮಧ್ಯೆ ಎದ್ದು ಹೋಗಿ ಅಂಚಿನ ಚಿನ್ನದ ರೇಕು ಅಂಟಿಸುವುದಕ್ಕೂ ಕೈ ಹಾಕಿದ, ಈಗ ಅವನನ್ನು ಬೇಡ ಅನ್ನುವವರಿರಲಿಲ್ಲ. ಮೀನಿನ ಅಂಟು ತೋಳಿಗೆಲ್ಲ ಮೆತ್ತಿಕೊಂಡಿತು.

ಎಲ್ಲರೂ ಹೊರಟ ಮೇಲೆ ಉಸ್ತಾದರು ಮತ್ತೆ ಬಟ್ಟೆ ಕಟ್ಟಿಕೊಳ್ಳುತ್ತ ಅವನನ್ನು ಕರೆದರು. ಅಸೂಯೆಯ ಮಾತಿಗೆ ಅವನು ಸಿದ್ಧನಾಗಿ ನಿಂತ. ಅವರ ಮುಖದಲ್ಲಿ ಅಸೂಯೆ ಇರಲಿಲ್ಲ, ಸುಸ್ತು ಇತ್ತು.

"ಒಂದು ಕೂದಲೆಳೆ ಆಚೆ ಹೋಗಿದೆ," ಅಂದರು. "ದೀಪದವನನ್ನ ನೋಡ್ತಿದಾಳೆ."

"ನಿನಗೆ ಗೊತ್ತಿಲ್ಲದ್ದೇ?" ಅಂದುಬಿಟ್ಟ ನೇಮತ್. ಎಷ್ಟೋ ವರ್ಷದ ಮೇಲೆ ಬಾಯಿಗೆ 'ನೀನು' ಬಂದಿತ್ತು. ಉಸ್ತಾದರು ಅದನ್ನು ಗಮನಿಸಿದರೋ ಇಲ್ಲವೋ, ಗಂಟು ಬಿಗಿಮಾಡಿಕೊಂಡರು.

"ಹೋಗ್ಲಿ ಬಿಡು. ಅಂಥ ಹೊತ್ನಲ್ಲಿ ಯಾರಾದ್ರೂ ದೀಪಾನೇ ನೋಡೋದು."

ಆ ಮಾತನ್ನು ಹೊತ್ತುಕೊಂಡು ನೇಮತ್ ಕಾಲುವೆಯ ಪಕ್ಕ ನಡೆದ. ಗಾಳಿ ಮುಖಕ್ಕೆ ಮರಳು ಎರಚುತ್ತಿತ್ತು. ಒಪ್ಪಿಕೊಂಡ ಹಾಗಾಯಿತಲ್ಲ. ಬಾಯಿಬಿಟ್ಟು ಒಪ್ಪಿಕೊಂಡ ಹಾಗೇ. ಅಂಥ ಹೊತ್ತು ಅಂದರೆ ಎಂಥ ಹೊತ್ತು? ನಾನು ಚಿತ್ರದ ಮಾತಾಡುತ್ತಿದ್ದೇನೆಂದು ಅವನು ತಿಳಿದನೋ, ಅವನು ಮದುವೆಯ ಮಾತಾಡುತ್ತಿದ್ದಾನೆಂದು ನಾನು ತಿಳಿದೆನೋ. ಇವತ್ತು ಕೇಳಿಯೇ ಬಿಡುತ್ತೇನೆ. ಮುಖ ತೆರೆಯುವವನಾದೆನಲ್ಲ, ಇನ್ನೇನು ಅಂಜಿಕೆ. ಹೌದು ಅಂದರೆ? ಅಂದರೆ ಇಷ್ಟು ವರ್ಷ ತಿಂದ ರೊಟ್ಟಿ, ಮಲಗಿದ ಹಾಸಿಗೆ, ಸತ್ತು ಹುಟ್ಟಿದ ಮಗುವಿಗಾಗಿ ಇಬ್ಬರೂ ಕೂತು ಅತ್ತದ್ದು, ಎಲ್ಲ ಬೇರೆ ಯಾರದೋ ಎಂದಾಗುತ್ತದೆ. ಕೇಳದಿರುವುದೇ ಮೇಲು ಎಂದುಕೊಂಡ. ಹಾಗಂದುಕೊಂಡವನ ಕಾಲು ಜೋರಾಗಿ ಹೆಜ್ಜೆ ಹಾಕುತ್ತಿತ್ತು.

ಗೌಹರ್ ಅಂಗಳದಲ್ಲಿ, ಹಿಪ್ಪುನೇರಳೆ ಮರದ ಬುಡದಲ್ಲಿ ಇನ್ನೂ ಉಳಿದಿದ್ದ ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಡಿಲಲ್ಲಿ ಬಿಳಿ ಬೆಕ್ಕಿನಮರಿ. ಸಣ್ಣ ಕತ್ತರಿಯಿಂದ ಅದರ ಕೊರಳ ಕೂದಲು ಕತ್ತರಿಸಿ ಒಂದೊಂದಾಗಿ ಮಣೆಯ ಮೇಲೆ ಜೋಡಿಸುತ್ತಿದ್ದಳು. ನೇಮತ್ ಬಾಗಿಲಲ್ಲೇ ನಿಂತು ಪ್ರಶ್ನೆಯನ್ನು ಹೊಂದಿಸಿಕೊಂಡ. ಗಂಭೀರವಾಗಿ ಕೇಳಬೇಕೋ, ನಕ್ಕು ಕೇಳಬೇಕೋ, ಕೆಲಸ ಸಿಕ್ಕಿದ್ದನ್ನು ಮೊದಲು ಹೇಳಬೇಕೋ ಎಂದು ಒಂದೊಂದನ್ನೂ ಮನಸ್ಸಿನಲ್ಲಿ ಆಡಿ ನೋಡಿದ. ಆಮೇಲೆ ಹತ್ತಿರ ಹೋಗಿ ಎದುರಿಗೆ ಕೂತ.

"ಮದುವೆ ದಿನ ಕನ್ನಡೀಲಿ ನೀನು ಯಾರನ್ನ ನೋಡ್ತಿದ್ದೆ?"

ಕತ್ತರಿ ನಿಲ್ಲಲಿಲ್ಲ. "ಯಾರ ಮದುವೆ?"

"ನಮ್ಮದು."

"ಓ, ಅದಾ." ಅವಳು ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ, ಸರಿಯಿಲ್ಲವೆಂದು ಊದಿಬಿಟ್ಟಳು. "ದೀಪ ನೋಡ್ತಿದ್ದೆ."

"ದೀಪಾನೋ, ದೀಪ ಹಿಡಿದವನನ್ನೋ?"

"ಯಾರು ಹಿಡಿದಿದ್ರು?" ಎಂದು ಅವಳು ಕೇಳಿದಳು.

ಅವನು ಹೆಸರು ಹೇಳಿದ. ಅವಳು ಕತ್ತರಿ ನಿಲ್ಲಿಸಿ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಇರಬಹುದು, ಅಂದಳು, ಯಾರೋ ಒಬ್ಬರು ಹಿಡಿದಿರಬೇಕಲ್ಲ. ಇಷ್ಟು ವರ್ಷ ಅವನು ಅನ್ನ ನೀರು ಹಾಕಿ ಸಾಕಿದ ಸಂಗತಿ ಇದು.

"ಮುಸುಕು ತೆಗೆದ ಕೂಡ್ಲೆ ನಾನು ನೋಡಿದ್ದು ನಿಮ್ಮನ್ನೇ," ಅಂದಳು. ದನಿಯಲ್ಲಿ ಆಕ್ಷೇಪವಿರಲಿಲ್ಲ, ಅಡುಗೆಯ ಮಾತಾಡುವ ಹಾಗಿತ್ತು. "ನೀವು ಮುಂಡಾಸು ಸರಿ ಮಾಡ್ಕೋತಿದ್ರಿ. ಒಂದು ಸಲ ಎಡಕ್ಕೆ ವಾಲಿಸಿದ್ರಿ, ಒಂದು ಸಲ ಬಲಕ್ಕೆ. ಮೀಸೆ ನೋಡ್ಕೊಂಡ್ರಿ. ನಾನು ಕಾದೆ, ಕಾದೆ. ಎಲ್ಲಾ ಹೆಂಗಸ್ರೂ ನನ್ನನ್ನೇ ನೋಡ್ತಿದಾರೆ ಅಂತ ನಾಚ್ಕೆ ಆಯ್ತು. ಕಣ್ಣು ಎಲ್ಲಿಡೋದು ಅಂತ ತಿಳೀದೆ ದೀಪದ ಕಡೆ ಇಟ್ಟೆ. ಆವಾಗ ನೀವು ತಲೆ ಎತ್ತಿದ್ರಿ."

ಹೊಸ ರೇಷ್ಮೆ, ನುಣುಪು, ಜಾರುತ್ತಿತ್ತು. ಎಡಕ್ಕೆ, ಬಲಕ್ಕೆ. ನೇಮತನಿಗೆ ಮಧ್ಯಾಹ್ನದ ಮಿರ್ಜಾ ಕಣ್ಣಮುಂದೆ ಬಂದ, ಮುತ್ತಿನ ಸರ ಸರಿಮಾಡಿಕೊಳ್ಳುತ್ತ. ಅವನಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ಬೆಳಗಿನ ನಾಚಿಕೆಯ ಹಾಗೆ ಇದು ಬೇಗ ಹೋಗುವ ಜಾತಿಯದಾಗಿರಲಿಲ್ಲ.

"ಹೇಳಬಹುದಿತ್ತಲ್ಲ," ಅಂದ.

"ನೀವು ಕೇಳ್ಲಿಲ್ಲ."

"ಈಗಾದ್ರೂ ನಿನ್ನನ್ನ ನೋಡ್ತಿದೀನಲ್ಲ, ಗೌಹರ್."

"ಈಗ ಬೆಳಕು ಹೋಗ್ತಿದೆ," ಅಂದಳು ಅವಳು. "ಬೆಕ್ಕು ಹಿಡ್ಕೊಳ್ಳಿ, ಕೈ ಖಾಲಿ ಇದ್ರೆ."

ಅವನು ಬೆಕ್ಕಿನಮರಿಯನ್ನು ಎರಡೂ ಕೈಯಲ್ಲಿ ಹಿಡಿದ. ಅವಳು ತಲೆ ತಗ್ಗಿಸಿ ಅದರ ಕೊರಳಲ್ಲಿ ಕತ್ತರಿ ಆಡಿಸುತ್ತಿದ್ದಳು, ರೆಪ್ಪೆ ಮಾತ್ರ ಕಾಣುತ್ತಿತ್ತು. ಆ ಕಣ್ಣಿನ ಬಣ್ಣ ಯಾವುದೆಂದು ನೆನಪು ಮಾಡಿಕೊಳ್ಳಲು ನೋಡಿದ. ಬೊಟ್ಟು ಎಲ್ಲೆಲ್ಲಿ ಹೋಯಿತೆಂಬುದರ ಚರಿತ್ರೆಯೆಲ್ಲ ಬಾಯಿಪಾಠವಿತ್ತು, ಬಣ್ಣ ಗೊತ್ತಿರಲಿಲ್ಲ. ಅವಳು ತಲೆ ಎತ್ತಲೆಂದು ಕಾದ. ಬೆಕ್ಕಿನಮರಿ ಮಾತ್ರ ರೆಪ್ಪೆ ಬಡಿಯದೆ ಅವನ ಕಡೆಗೇ ನೋಡುತ್ತಿತ್ತು.

"ಇದಾದ್ರೂ ನನ್ನನ್ನ ನೋಡ್ತಿದೆ," ಅಂದ, ನಗಲು ಪ್ರಯತ್ನಿಸುತ್ತ.

"ನಿಮ್ಮನ್ನಲ್ಲ," ಅಂದಳು ಗೌಹರ್, ತಲೆ ಎತ್ತದೆ. "ಎಡಗೈ ತೋಳಿನ ಹಿಂದೆ ಮೀನಿನ ಅಂಟು ಮೆತ್ಕೊಂಡಿದೆ, ಅದಕ್ಕೆ. ಮುಖವೂ ಬಾಡಿದೆ, ಮಧ್ಯಾಹ್ನ ಊಟ ಮಾಡಿಲ್ಲ ನೀವು."

ನೇಮತ್ ತೋಳು ತಿರುಗಿಸಿ ನೋಡಿಕೊಂಡ. ಅಂಟು ಇತ್ತು. ಎದುರಿಗೆ ಕೂತ ಮೇಲೆ ಅವಳು ಒಂದು ಸಲವೂ ಅವನ ಕಡೆ ಕಣ್ಣೆತ್ತಿರಲಿಲ್ಲ. ಹಾಗಾದರೆ ಅವನು ಬಾಗಿಲಲ್ಲಿ ನಿಂತು ತನ್ನ ಪ್ರಶ್ನೆಯನ್ನು ಸರಿಮಾಡಿಕೊಳ್ಳುತ್ತಿದ್ದಾಗಲೇ ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಗಿಸಿದ್ದಳು. ಈ ಸಲವೂ ಅವನಿಗೆ ತಿಳಿದಿರಲಿಲ್ಲ.